ಹದಿನಾಲ್ಕು ದಾಟಿದ ಹುಡುಗಿಗೆ ಯಾವ ಶಾಲೆ?

ರಾಜಸ್ಥಾನದ ತಿಲೋನಿಯಾ ಸುತ್ತಲಿನ ಹಳ್ಳಿಗಳಲ್ಲಿ 1975ರಲ್ಲಿ ರಾತ್ರಿಶಾಲೆಗಳು ಶುರುವಾದವು. ಹಗಲೆಲ್ಲ ಮೇಕೆ ಕಾಯ್ದು, ನೀರು ಹೊತ್ತು, ತಮ್ಮ-ತಂಗಿಯರನ್ನು ಆಡಿಸಿದ ಹುಡುಗಿಯರು ಹೊತ್ತು ಮುಳುಗಿದ ಮೇಲೆ ದೀಪದ ಮುಂದೆ ಕೂತು ಸ್ಲೇಟು ಹಿಡಿದರು.

ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1985ರಲ್ಲಿ ಬರೀ 22 ಶಾಲೆಗಳಿಂದ ಆರಂಭಿಸಿದ ಪ್ರಯೋಗ ಇನ್ನೂ ಅಚ್ಚುಕಟ್ಟಾದದ್ದು. ಒಂದೇ ಕೋಣೆ, ಮೂವತ್ತು ಚಿಲ್ಲರೆ ಮಕ್ಕಳು, ಅದೇ ಊರಿನ ಟೀಚರಮ್ಮ. ದಿನಕ್ಕೆ ಮೂರು ತಾಸಿನಷ್ಟು ಪಾಠ. ಯಾವ ಹೊತ್ತಿಗೆ ಎಂಬುದನ್ನು ಹೆತ್ತವರ ಜೊತೆ ಕೂತು ಗೊತ್ತುಮಾಡುತ್ತಿದ್ದರು. ‘ಶಾಲೆ ದೂರ’, ‘ಪಾಠ ಹೇಳುವವರು ಗಂಡಸರು’, ‘ಮನೆಗೆಲಸಕ್ಕೆ ಯಾರು?’ ಎಂಬ ಮೂರೂ ನೆಪಗಳಿಗೆ ಅಲ್ಲಿ ಜಾಗವೇ ಉಳಿಯಲಿಲ್ಲ. ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರೇ. ಐದು ವರ್ಷದ ಪಠ್ಯವನ್ನು ನಾಲ್ಕರಲ್ಲಿ ಮುಗಿಸಿದವರಿಗೆ ಆರನೇ ತರಗತಿಯ ದಾರಿ ತೆರೆದಿರುತ್ತಿತ್ತು.

ರಾತ್ರಿಶಾಲೆಯನ್ನು ಮಾತ್ರ ಎಲ್ಲರೂ ಒಪ್ಪಲಿಲ್ಲ. ಹಗಲಿನ ದುಡಿಮೆಗೆ ಅದು ಪರವಾನಗಿ ಕೊಟ್ಟಂತೆ ಎಂಬುದು ಶಾಂತಾ ಸಿನ್ಹಾ ಅವರ ಎಂ.ವಿ. ಫೌಂಡೇಶನ್ನಿನ ನಿಲುವು. ಮಗು ಹಗಲುಶಾಲೆಯಲ್ಲೇ ಇರಬೇಕೆಂದು ಪಟ್ಟು ಹಿಡಿದ ಆ ಸಂಸ್ಥೆ ಅಂದಿನ ಅವಿಭಜಿತ ಆಂಧ್ರದ ರಂಗಾರೆಡ್ಡಿ ಜಿಲ್ಲೆಯಲ್ಲಿ ದುಡಿಯುವ ಮಕ್ಕಳನ್ನು ಶಿಬಿರಗಳಿಗೆ ಕರೆತಂದು, ತಿಂಗಳುಗಟ್ಟಲೆ ಕಲಿಸಿ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿತು. ಕರ್ನಾಟಕದಲ್ಲಿ ಮಹಿಳಾ ಸಮಖ್ಯಾದ ವಸತಿ ಶಿಕ್ಷಣ ಕೇಂದ್ರಗಳು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಎಳೆಯ ಮಕ್ಕಳ ಮಟ್ಟಿಗೆ ಈ ವಾದವೇ ಸರಿ.

ತೊಡಕಿರುವುದು ದೊಡ್ಡ ಹುಡುಗಿಯರದು.

ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು 6ರಿಂದ 14 ವರ್ಷದವರ ಮಾತು. ಎಸ್ಸೆಸ್ಸೆಲ್ಸಿ ಫೇಲಾಗಿ ಗಾರ್ಮೆಂಟ್ಸ್‌ಗೆ ಹೊರಟವಳು, ಓದು ಬಿಡಿಸಿ ಮದುವೆ ಮಾಡಿಕೊಟ್ಟವಳು ಯಾವ ಶಿಬಿರಕ್ಕೆ ಬಂದಾಳು? ಅಂಥವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ. ಒಮ್ಮೆ ನೋಂದಾಯಿಸಿದರೆ ಐದು ವರ್ಷ ಗಡುವು, ಒಂಬತ್ತು ಸಲ ಪರೀಕ್ಷೆಗೆ ಅವಕಾಶ. ಪಾಸಾದ ವಿಷಯವನ್ನು ಮತ್ತೆ ಬರೆಯಬೇಕಿಲ್ಲ. ಗಣಿತವೆಂದರೆ ಬೆಚ್ಚುವವಳು ಬೇರೆ ವಿಷಯ ತೆಗೆದುಕೊಳ್ಳಬಹುದು (ಶಾಲೆ ಬಿಡಿಸುವುದರಲ್ಲಿ ಗಣಿತದ ಕೈವಾಡ ಸಣ್ಣದೇನಲ್ಲ). ಆದರೆ ಆನ್‌ಲೈನ್ ಅರ್ಜಿ ತುಂಬುವವರು ಯಾರು, ಶುಲ್ಕ ಕಟ್ಟುವವರು ಯಾರು, ಪಾಠ ತಿಳಿಸಿ ಹೇಳುವವರು ಯಾರು? ಇದಕ್ಕೆಲ್ಲ ಪೇಟೆಗೆ ಓಡಬೇಕೆಂದರೆ ಮನೆಯವರು ಕಳಿಸುವುದಿಲ್ಲ.

ಇದಕ್ಕೆ ದಾರಿ ಊರಲ್ಲೇ ಇದೆ. ಕರ್ನಾಟಕದ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಮುಕ್ತ ಶಾಲೆಯ ಪಾಠ ಅಲ್ಲಿಗೇ ಬರಲಿ. ಅದೇ ಊರಿನ, ಡಿಗ್ರಿ ಓದಿ ಮನೆಯಲ್ಲಿ ಕೂತ ಹೆಣ್ಣುಮಗಳೊಬ್ಬಳು ಸಂಜೆ ಎರಡು ತಾಸು ಹೇಳಿಕೊಡಲಿ. ಪರೀಕ್ಷೆಯ ಶುಲ್ಕವನ್ನು ಸರ್ಕಾರವೇ ಕಟ್ಟಲಿ. ಆ ಟೀಚರಮ್ಮನ ಗೌರವಧನವಂತೂ ಬಾಕಿ ಬೀಳದೆ ತಿಂಗಳು ತಿಂಗಳೂ ಕೈ ಸೇರಬೇಕು.