ಪದಗಳ ಹರಾಜಿನಲ್ಲಿ ಸಣ್ಣ ಅಂಗಡಿ

ಅಂತರಜಾಲದಲ್ಲಿ ದಿನವೂ ಪದಗಳು ಹರಾಜಾಗುತ್ತವೆ. ಯಾರೋ ಮೊಬೈಲಿನಲ್ಲಿ ಒಂದು ಪದವನ್ನು ಹುಡುಕಿದ ಕ್ಷಣದಲ್ಲೇ ಆ ಪದದ ಮೇಲೆ ಸವಾಲು ಹಾಕಿದ ವ್ಯಾಪಾರಿಗಳ ನಡುವೆ ಹರಾಜು ನಡೆಯುತ್ತದೆ. ಗೆದ್ದವರ ಜಾಹೀರಾತು ತೆರೆಯ ಮೇಲ್ಭಾಗದಲ್ಲಿ ಕಾಣಿಸುತ್ತದೆ. ಕಂಡದ್ದಕ್ಕೆ ಹಣವಿಲ್ಲ. ನೋಡಿದವರು ಅದನ್ನು ಒತ್ತಿದರೆ ಮಾತ್ರ ವ್ಯಾಪಾರಿಯ ಖಾತೆಯಿಂದ ಹಣ ಕಳೆಯುತ್ತದೆ. 1998ರಲ್ಲಿ ಅಮೆರಿಕದ ಗೋಟು ಡಾಟ್ ಕಾಮ್ ಈ ಪದ್ಧತಿಯನ್ನು ಬಳಕೆಗೆ ತಂದಿತು. 2000ದಲ್ಲಿ ತನ್ನ ಜಾಹೀರಾತು ಸೇವೆಯನ್ನು ಆರಂಭಿಸಿದ ಗೂಗಲ್ 2002ರಲ್ಲಿ ಇದೇ ದಾರಿ ಹಿಡಿಯಿತು. ಇಂದು ದೊಡ್ಡ ಕಂಪನಿಗಳ ಜೊತೆಗೆ ಮನೆಯಲ್ಲಿ ಚಟ್ನಿಪುಡಿ ಕುಟ್ಟಿ ಮಾರುವವರೂ ಈ ಹರಾಜಿನ ಕಟ್ಟೆಯಲ್ಲಿ ಕುಳಿತಿದ್ದಾರೆ.

ಸಾಹಿತ್ಯದ ನಂಟುಳ್ಳ ನಮಗೆ ಜಾಹೀರಾತೆಂದರೆ ಅಸಡ್ಡೆ. ಅದು ಹೊಸದೇನೂ ಅಲ್ಲ. 1759ರಷ್ಟು ಹಿಂದೆಯೇ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ‘ದಿ ಐಡ್ಲರ್’ ಲೇಖನಮಾಲೆಯಲ್ಲಿ, ಜಾಹೀರಾತುಗಳು ವಿಪರೀತವಾಗಿ ಜನ ಅವನ್ನು ಗಮನವಿಟ್ಟು ಓದುವುದನ್ನೇ ಬಿಟ್ಟಿದ್ದಾರೆಂದು ಗೊಣಗಿದ್ದ. ಆದರೆ ಈ ಹೊಸ ಬಗೆಯ ಜಾಹೀರಾತಿನಲ್ಲಿ ನಮ್ಮಂಥವರು ಗಮನಿಸಬೇಕಾದ ಸಂಗತಿಯೊಂದಿದೆ. ಇಲ್ಲಿ ಸಣ್ಣ ವ್ಯಾಪಾರಿಯ ಖರ್ಚನ್ನು ತಗ್ಗಿಸುವುದು ಮುಖ್ಯವಾಗಿ ಪದಗಳ ಆಯ್ಕೆ. ಅರ್ಥ ಸಡಿಲವಾದಷ್ಟೂ ಹಣ ಸೋರುತ್ತದೆ. ಪದದ ಬೆಲೆ ಬಲ್ಲವರು ನಾವೆಂದು ಹೇಳಿಕೊಳ್ಳುವ ಕನ್ನಡ ಕೂಟಗಳು ಈ ವಿಷಯಕ್ಕೆ ಬೆನ್ನು ತಿರುಗಿಸಿ ಕೂರುವುದು ಸರಿಯಲ್ಲ ಎಂಬುದು ನನ್ನ ವಾದ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಪುಣೆಯಲ್ಲಿ ಉತ್ತರ ಕರ್ನಾಟಕದ ಕುಟುಂಬವೊಂದು ಖಡಕ್ ರೊಟ್ಟಿ, ಹೋಳಿಗೆ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಿದೆ ಎಂದಿಟ್ಟುಕೊಳ್ಳಿ. ಯಾವ ಪದದ ಮೇಲೆ ಸವಾಲು ಹಾಕಬೇಕು? ‘ತಿಂಡಿ’ ಎಂದರೆ ಊರೆಲ್ಲ ಬಂದು ಒತ್ತುತ್ತದೆ, ಕೊಳ್ಳುವವರು ವಿರಳ. ‘ಹೋಳಿಗೆ’ ಎಂದು ಹುಡುಕುವವರು ಬಹುಮಟ್ಟಿಗೆ ಕನ್ನಡಿಗರು. ಅದನ್ನೇ ಹೋಲುವ ಸಿಹಿಯನ್ನು ನೆರೆಮನೆಯ ಮರಾಠಿಗರು ‘ಪುರಣಪೋಳಿ’ ಎಂದು ಹುಡುಕುತ್ತಾರೆ, ಬೆಂಗಳೂರು ಕಡೆಯಿಂದ ಬಂದವರು ‘ಒಬ್ಬಟ್ಟು’ ಎನ್ನುತ್ತಾರೆ. ರೊಟ್ಟಿಗೆ ಅಲ್ಲಿ ‘ಕಡಕ್ ಭಾಕರಿ’ ಎಂಬ ಹೆಸರಿದೆ. ‘ಪುರಣಪೋಳಿ’ಗೆ ಆ ಊರಿನಲ್ಲಿ ಪೈಪೋಟಿ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ‘ಜೋಳದ ರೊಟ್ಟಿ’ ಎಂಬ ಪದದ ಮೇಲೆ ಕಣ್ಣಿಟ್ಟವರು ಕಡಿಮೆ. ಅದನ್ನು ಹುಡುಕುವವರೂ ಕಡಿಮೆ, ಆದರೆ ಅವರಿಗೆ ಬೇಕಾದುದು ಅದೇ. ಕಡಿಮೆ ಬಂಡವಾಳದವರಿಗೆ ತಕ್ಕ ಜಾಗ ಇಂಥ ಇಕ್ಕಟ್ಟಾದ ಪದಗಳಲ್ಲಿದೆ. ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಆ ಪದಗಳನ್ನು ಪಟ್ಟಿಗೆ ಸೇರಿಸಬೇಕು, ಏಕೆಂದರೆ ನಮ್ಮವರು ಕನ್ನಡವನ್ನು ಎರಡರಲ್ಲೂ ಬೆರಳಚ್ಚಿಸುತ್ತಾರೆ.

ಇಲ್ಲಿ ವಿರಾಮಚಿಹ್ನೆಗೂ ಬೆಲೆಯಿದೆ. ಪದವನ್ನು ಬರಿದೇ ಕೊಟ್ಟರೆ ಅದಕ್ಕೆ ದೂರದ ನೆಂಟಸ್ತಿಕೆಯುಳ್ಳ ಹುಡುಕಾಟಗಳಿಗೂ ಜಾಹೀರಾತು ಹೋಗುತ್ತದೆ. ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಆ ಪದಗುಚ್ಛದ ಅರ್ಥವನ್ನು ಒಳಗೊಂಡ ಹುಡುಕಾಟಗಳಿಗೆ ಸೀಮಿತವಾಗುತ್ತದೆ. ಚೌಕ ಆವರಣದೊಳಗೆ ಇಟ್ಟರೆ ಹೆಚ್ಚುಕಡಿಮೆ ಅದೇ ಅರ್ಥದ ಹುಡುಕಾಟಕ್ಕೆ ಮಾತ್ರ. ಇದಕ್ಕಿಂತ ಮುಖ್ಯವಾದುದು ಬೇಡದ ಪದಗಳ ಪಟ್ಟಿ. ರೊಟ್ಟಿ ಮಾಡುವ ವಿಧಾನ ಹುಡುಕುವವರಿಗೆ ರೊಟ್ಟಿ ಕೊಳ್ಳುವ ಉದ್ದೇಶವಿಲ್ಲ. ರೊಟ್ಟಿ ತಟ್ಟುವ ಯಂತ್ರ ಹುಡುಕುವವರಿಗೂ ಇಲ್ಲ. ‘ರೆಸಿಪಿ’, ‘ಮಾಡುವ ವಿಧಾನ’, ‘ಮೆಷಿನ್’, ‘ಕೆಲಸ ಖಾಲಿ’, ‘ಉಚಿತ’ ಇವೆಲ್ಲ ಆ ಪಟ್ಟಿಗೆ ಸೇರಬೇಕು, ಅದೂ ಒಂದೊಂದಾಗಿ. ಬೇಕಾದ ಪದದ ವಿಷಯದಲ್ಲಿ ಸಮಾನಾರ್ಥಕಗಳನ್ನು ತಾನೇ ಹುಡುಕಿಕೊಳ್ಳುವ ಯಂತ್ರ, ಬೇಡದ ಪದದ ವಿಷಯದಲ್ಲಿ ಆ ಜಾಣತನ ತೋರುವುದಿಲ್ಲ. ಹಣ ತರುವ ಕಡೆಗೆ ಉದಾರ ಓದು, ಹಣ ತಡೆಯುವ ಕಡೆಗೆ ಅಕ್ಷರಶಃ ಓದು! ಆದ್ದರಿಂದ ಜನ ನಿಜವಾಗಿ ಏನು ಹುಡುಕಿ ಜಾಹೀರಾತನ್ನು ಒತ್ತಿದರು ಎಂಬ ವರದಿಯನ್ನು ವಾರಕ್ಕೊಮ್ಮೆಯಾದರೂ ಓದಿ, ಆ ಪಟ್ಟಿಯನ್ನು ಬೆಳೆಸುತ್ತಲೇ ಇರಬೇಕು.

ಈ ಹರಾಜಿನ ಇನ್ನೊಂದು ಗುಣ ಸಣ್ಣವರಿಗೆ ಅನುಕೂಲಕರ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ಬರೆದವರಿಗೆ ಚೀಲ ಸಿಗುತ್ತದೆ. ಇಲ್ಲಿ ಬೆಲೆಯೊಂದೇ ಲೆಕ್ಕಕ್ಕಿಲ್ಲ. ಜಾಹೀರಾತು ಹುಡುಕಿದ ಪದಕ್ಕೆ ಎಷ್ಟು ಹೊಂದುತ್ತದೆ, ಜನ ಅದನ್ನು ಒತ್ತುವ ಸಂಭವ ಎಷ್ಟು, ಒತ್ತಿದವರು ಬಂದಿಳಿಯುವ ಪುಟ ಉಪಯುಕ್ತವೇ ಎಂಬುದನ್ನೂ ತೂಗುತ್ತಾರೆ. ಹೀಗಾಗಿ ಹೊಂದಿಕೆಯಾಗುವ ಜಾಹೀರಾತು ಕಡಿಮೆ ಸವಾಲಿನಲ್ಲೂ ಮೇಲೆ ಬರಬಲ್ಲದು. ಒಂದು ಶೀರ್ಷಿಕೆಗೆ ಸಿಗುವುದು 30 ಅಕ್ಷರಗಳ ಜಾಗ, ವಿವರಣೆಗೆ 90. ಅಷ್ಟರಲ್ಲಿ ಪದಾರ್ಥ, ಊರು, ಬೆಲೆ ಈ ಮೂರನ್ನು ಹೇಳಿದರೆ ಸಾಕು. ‘ಅಪ್ರತಿಮ ರುಚಿ’ ಎಂಬಂಥ ವಿಶೇಷಣಗಳಿಗೆ ಅಲ್ಲಿ ಸ್ಥಳ ವ್ಯರ್ಥ. ಬೆಲೆಯನ್ನು ಮೊದಲೇ ಹೇಳಿದರೆ ಕೊಳ್ಳಲಾರದವರು ಒತ್ತುವುದೂ ಕಡಿಮೆಯಾಗುತ್ತದೆ. ಒತ್ತಿದವರಿಗೆ ಅಂಗಡಿಯ ಮುಖಪುಟ ತೋರಿಸದೆ ನೇರವಾಗಿ ರೊಟ್ಟಿಯ ಪುಟವನ್ನೇ ತೋರಿಸಬೇಕು.

ಇನ್ನು ಲೆಕ್ಕ. 400 ರೂಪಾಯಿಯ ಒಂದು ಆರ್ಡರಿನಲ್ಲಿ ಹಿಟ್ಟು, ಎಣ್ಣೆ, ಗ್ಯಾಸು, ಡಬ್ಬಿ, ಸಾಗಣೆ ಎಲ್ಲ ಕಳೆದು 120 ರೂಪಾಯಿ ಉಳಿಯುತ್ತದೆ ಎನ್ನೋಣ. ಒಂದು ಕ್ಲಿಕ್ಕಿಗೆ 8 ರೂಪಾಯಿ. ಅದರ ಮೇಲೆ ಶೇಕಡ 18 ಜಿಎಸ್‌ಟಿ ಸೇರಿ 9 ರೂಪಾಯಿ 44 ಪೈಸೆ. ನೋಂದಣಿಯಿಲ್ಲದ ಸಣ್ಣ ವ್ಯಾಪಾರಿಗೆ ಈ ತೆರಿಗೆ ಮರಳಿ ಬರುವುದಿಲ್ಲ. ಒತ್ತಿದ ಹತ್ತು ಜನರಲ್ಲಿ ಒಬ್ಬರು ಕೊಂಡರೆ ಜಾಹೀರಾತಿನ ಖರ್ಚು 94 ರೂಪಾಯಿ 40 ಪೈಸೆ, ಕೈಯಲ್ಲಿ ಉಳಿಯುವುದು 25 ರೂಪಾಯಿ 60 ಪೈಸೆ. ಇಪ್ಪತ್ತರಲ್ಲಿ ಒಬ್ಬರು ಕೊಂಡರೆ 68 ರೂಪಾಯಿ 80 ಪೈಸೆ ನಷ್ಟ. ಕೊಂಡವರು ತಿಂಗಳು ತಿಂಗಳೂ ಮರಳಿ ಬರುವ ಗಿರಾಕಿಗಳಾದರೆ ಮೊದಲ ಸಲದ ನಷ್ಟವನ್ನು ತಾಳಿಕೊಳ್ಳಬಹುದು. ಅದೂ ಇಲ್ಲವಾದರೆ ಆ ಪದಾರ್ಥಕ್ಕೆ ಈ ಜಾಹೀರಾತೇ ಬೇಡ. ಎಷ್ಟು ಜನ ಒತ್ತಿದರೆಂಬ ಸಂಖ್ಯೆಯನ್ನು ನೋಡಿ ಹಿಗ್ಗುವವರು, ಅವರಲ್ಲಿ ಎಷ್ಟು ಜನ ಕೊಂಡರೆಂಬುದನ್ನು ಒಂದು ನೋಟುಪುಸ್ತಕದಲ್ಲಾದರೂ ಬರೆದಿಡದಿದ್ದರೆ ಲಾಭನಷ್ಟ ತಿಳಿಯುವುದು ಗಂಟು ಕರಗಿದ ಮೇಲೆಯೇ.

ಕೇಂದ್ರ ಸರ್ಕಾರದ ನೌಕರರಾದ ನಮಗೆಲ್ಲ ಸಾಮಾನ್ಯ ಹಣಕಾಸು ನಿಯಮಗಳ ಒಂದು ಮಾತು ಪರಿಚಿತ: ಸಾಧಾರಣ ವಿವೇಕವುಳ್ಳ ವ್ಯಕ್ತಿ ಸ್ವಂತ ಹಣವನ್ನು ಖರ್ಚುಮಾಡುವಾಗ ವಹಿಸುವ ಎಚ್ಚರವನ್ನೇ ಅಧಿಕಾರಿಯು ಸಾರ್ವಜನಿಕ ಹಣದ ವಿಷಯದಲ್ಲೂ ವಹಿಸಬೇಕು. ಈ ಜಾಹೀರಾತು ವ್ಯವಸ್ಥೆಯ ವೈಚಿತ್ರ್ಯವೆಂದರೆ, ಅದೇ ವಿವೇಕವಂತರ ಸ್ವಂತ ಹಣವನ್ನು ಖರ್ಚುಮಾಡುವ ಆಯ್ಕೆಗಳನ್ನು ಅವರಿಗಿಂತ ಮುಂಚೆ ಹಣ ಪಡೆಯುವವರೇ ಗುರುತು ಹಾಕಿಟ್ಟಿರುತ್ತಾರೆ. ಪುಣೆಯನ್ನು ಆರಿಸಿದರೆ, ಪುಣೆಯಲ್ಲಿ ಇರುವವರ ಜೊತೆಗೆ ಪುಣೆಯ ಬಗ್ಗೆ ಆಸಕ್ತಿ ತೋರಿದ ದೂರದವರಿಗೂ ಜಾಹೀರಾತು ಹೋಗುವಂತೆ ಮೊದಲೇ ಹೊಂದಿಸಿರುತ್ತದೆ, ಅದನ್ನು ಬದಲಿಸಬೇಕು. ಹುಡುಕಾಟದ ಹೊರಗಿನ ಜಾಲತಾಣಗಳ ಆಯ್ಕೆಯನ್ನೂ ಮೊದಲು ತೆಗೆದುಹಾಕುವುದು ಒಳ್ಳೆಯದು. ಫೋನ್ ಎತ್ತಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಜಾಹೀರಾತು ನಿಲ್ಲುವಂತೆ ವೇಳೆ ಗೊತ್ತುಪಡಿಸಬಹುದು. ದಿನಕ್ಕೆ 200 ರೂಪಾಯಿ ಎಂದು ಮಿತಿ ಹಾಕಿದರೂ ಯಾವುದೋ ಒಂದು ದಿನ 400ರವರೆಗೆ ಖರ್ಚಾಗಬಹುದು. ತಿಂಗಳ ಲೆಕ್ಕದಲ್ಲಿ ಮಾತ್ರ ಅದು ತೆರಿಗೆ ಬಿಟ್ಟು 6,080 ರೂಪಾಯಿಯ ಸುಮಾರಿಗೆ ನಿಲ್ಲುತ್ತದೆ. ಇದನ್ನು ತಿಳಿಯದವರು ಎರಡನೆಯ ದಿನವೇ ಗಾಬರಿಯಾಗುತ್ತಾರೆ. ಬಜೆಟ್ ಹೆಚ್ಚಿಸಿರೆಂದು ಪರದೆಯ ಮೇಲೆ ಬರುವ ಶಿಫಾರಸುಗಳು ಸಲಹೆಗಳಷ್ಟೇ. ಅವನ್ನು ಆದೇಶಗಳೆಂದು ಭಾವಿಸಬೇಕಾಗಿಲ್ಲ.

ಈ ವ್ಯವಸ್ಥೆ ನ್ಯಾಯಸಮ್ಮತವೆಂದು ನಾನು ಹೇಳುತ್ತಿಲ್ಲ. 2024ರ ಆಗಸ್ಟಿನಲ್ಲಿ ಅಮೆರಿಕದ ನ್ಯಾಯಾಲಯವೊಂದು, ಹುಡುಕಾಟದ ಪಠ್ಯ ಜಾಹೀರಾತುಗಳಲ್ಲಿ ಗೂಗಲ್ ಏಕಸ್ವಾಮ್ಯ ಹೊಂದಿದೆಯೆಂದೂ ಪೈಪೋಟಿಯ ಅಂಜಿಕೆಯಿಲ್ಲದೆ ಬೆಲೆ ಏರಿಸಲು ಅದಕ್ಕೆ ಸಾಧ್ಯವಾಗಿದೆಯೆಂದೂ ತೀರ್ಪಿತ್ತಿದೆ. ಕಡಿಮೆ ಜನ ಬಳಸಿದ ಹುಡುಕಾಟದ ಪದಗಳನ್ನು 2020ರಿಂದ ವರದಿಯಲ್ಲಿ ತೋರಿಸುತ್ತಿಲ್ಲ, ಕಾರಣ ಗೌಪ್ಯತೆ. ಹಣ ಮಾತ್ರ ಅವುಗಳಿಗೂ ಕಳೆಯುತ್ತದೆ. ಹರಾಜಿನ ಕಟ್ಟೆ, ತಕ್ಕಡಿ, ಲೆಕ್ಕದ ಪುಸ್ತಕ ಮೂರೂ ಒಬ್ಬರದೇ ಆಗಿರುವಾಗ ಸಣ್ಣ ವ್ಯಾಪಾರಿಯ ಪಾಲಿಗೆ ಉಳಿಯುವುದು ಎಚ್ಚರವೊಂದೇ. ಆ ಕಟ್ಟೆಗೆ ಹೋಗಲೇಬೇಡಿ ಎನ್ನುವುದು ಸುಲಭ. ಆದರೆ ಮುಖ್ಯರಸ್ತೆಯಲ್ಲಿ ಮಳಿಗೆ ಹಿಡಿಯಲಾಗದವರಿಗೆ ಗಿರಾಕಿ ಸಿಗುವ ದಾರಿಗಳೇ ಕೆಲವು. ಅವುಗಳಲ್ಲಿ ಇದೂ ಒಂದು. ಬೇಡವೆನ್ನುವ ಮೊದಲು ಅವರಿಗೆ ಬೇರೆ ದಾರಿ ತೋರಿಸಬೇಕಾಗುತ್ತದೆ.

ಹೊರನಾಡಿನ ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವದ ಸ್ಮರಣ ಸಂಚಿಕೆಗೆಂದು ಇದೇ ಸಣ್ಣ ವ್ಯಾಪಾರಿಗಳಿಂದ ಪ್ರತಿವರ್ಷ ಜಾಹೀರಾತು ಪಡೆಯುತ್ತವೆ. ಸಂಕೋಚದಿಂದ ಕೊಡುತ್ತಾರೆ, ಅದರಿಂದ ಎಷ್ಟು ರೊಟ್ಟಿ ಮಾರಾಟವಾಯಿತೆಂದು ಯಾರೂ ಕೇಳುವುದಿಲ್ಲ. ಆ ಋಣ ತೀರಿಸುವ ಒಂದು ಬಗೆಯಿದೆ. ವರ್ಷಕ್ಕೆ ಎರಡು ಭಾನುವಾರ ಸಂಘದ ಸಭಾಂಗಣದಲ್ಲಿ ಅವರನ್ನು ಕೂರಿಸಿಕೊಂಡು, ಬೇಕಾದ ಪದಗಳ ಪಟ್ಟಿ, ಬೇಡದ ಪದಗಳ ಪಟ್ಟಿ, 30 ಅಕ್ಷರಗಳ ನಾಲ್ಕು ಶೀರ್ಷಿಕೆ, ಒಂದು ಪುಟದ ಲಾಭನಷ್ಟದ ಲೆಕ್ಕ ಇವಿಷ್ಟನ್ನು ಬರೆದುಕೊಡಲು ಎಂಎ ಮಾಡಿದವರು, ಬ್ಯಾಂಕಿನವರು, ಲೆಕ್ಕಪತ್ರ ಇಲಾಖೆಯವರು ನಮ್ಮಲ್ಲೇ ಇದ್ದಾರೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗಳಲ್ಲಿ ಈ ವಿಷಯವೂ ಒಂದು ಕಲಮಾಗಿ ಬರಲಿ.