ಕಿರುಚಿತ್ರವೂ ಪೂರ್ವಸಿದ್ಧತೆಯೂ

ಈಚಿನ ಕೆಲವು ವರ್ಷಗಳಿಂದ ನಮ್ಮ ಜಿಲ್ಲೆಗಳ ಕಾಲೇಜುಗಳಲ್ಲಿ ಕಿರುಚಿತ್ರಗಳನ್ನು ತೆಗೆಯುವ ಉತ್ಸಾಹವು ಬಹಳವಾಗಿ ಹಬ್ಬಿರುವುದು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಕವನವನ್ನು ಬರೆದುಕೊಟ್ಟು ಹಿಂದಿನವರು ತೃಪ್ತರಾಗುತ್ತಿದ್ದ ವಯಸ್ಸಿನಲ್ಲಿ ಇಂದಿನ ತರುಣ ತರುಣಿಯರು ಹತ್ತು ನಿಮಿಷದ ಚಿತ್ರವೊಂದನ್ನು ತೆಗೆದು ಊರಿಗೆಲ್ಲ ತೋರಿಸುತ್ತಿರುವರು. ಇದು ಸಂತೋಷಪಡತಕ್ಕ ಸಂಗತಿಯೇ ಹೊರತು ಹಳಿಯತಕ್ಕುದಲ್ಲ. ಆದರೆ ಈ ಚಿತ್ರಗಳನ್ನು ಕುಳಿತು ನೋಡಿದವರು ಮನಸ್ಸಿನಲ್ಲಿ ಅಂದುಕೊಂಡು, ದಾಕ್ಷಿಣ್ಯಕ್ಕೆ ಕಟ್ಟುಬಿದ್ದು, ಬಾಯಿಬಿಟ್ಟು ಆಡದೆ ಉಳಿಸಿಕೊಂಡ ಮಾತೊಂದುಂಟು. ಅದನ್ನು ಆಡಿಬಿಡುವುದೇ ಈ ಲೇಖನದ ಉದ್ದೇಶ. ನಮ್ಮ ವಿದ್ಯಾರ್ಥಿಗಳ ಚಿತ್ರಗಳು ಕೆಡುತ್ತಿರುವುದು ಪ್ರತಿಭೆಯ ಕೊರತೆಯಿಂದಲ್ಲ, ಉಪಕರಣಗಳ ಕೊರತೆಯಿಂದಲೂ ಅಲ್ಲ. ಚಿತ್ರೀಕರಣಕ್ಕೆ ಹೊರಡುವ ಮುನ್ನ ಮಾಡತಕ್ಕ ಕೆಲಸವನ್ನು ಮಾಡದೆ ಹೊರಡುವುದರಿಂದ.

ಇದು ಬರಿಯ ಸೋಮಾರಿತನವಾಗಿದ್ದರೆ ಇಷ್ಟು ಬರೆಯಬೇಕಾದುದಿರಲಿಲ್ಲ. ಸೋಮಾರಿತನವು ಎಲ್ಲ ಕಾಲದ ತರುಣರಲ್ಲಿಯೂ ಇದ್ದುದೇ. ವಯಸ್ಸಾದಂತೆ ಕೆಲವರಲ್ಲಿ ಕಳೆಯುವುದು, ಕೆಲವರಲ್ಲಿ ಬಲಿಯುವುದು. ಇಲ್ಲಿಯಾದರೋ ದೋಷವೇ ಗುಣದ ವೇಷವನ್ನು ತೊಟ್ಟು ಬಂದಿರುವುದು. ಸಿದ್ಧತೆಯಿಲ್ಲದಿರುವುದಕ್ಕೆ ಸಹಜತೆಯೆಂದೂ ಸ್ಫೂರ್ತಿಯೆಂದೂ ಸ್ವಾತಂತ್ರ್ಯವೆಂದೂ ಹೆಸರಿಟ್ಟು ಮೆರೆಸುವರು. ಉಪಾಧ್ಯಾಯರಲ್ಲಿಯೂ ಕೆಲವರು ಅದಕ್ಕೆ ತಲೆದೂಗುವರು. ದೋಷವು ದೋಷವಾಗಿಯೇ ಇದ್ದರೆ ತಿದ್ದಬಹುದು. ಸಿದ್ಧಾಂತವಾಗಿ ನಿಂತರೆ ಮೊದಲು ಅದನ್ನು ಖಂಡಿಸಿಯೇ ತೀರಬೇಕು.

ಇದರ ಫಲವನ್ನು ಕಾಣಲು ದೂರ ಹೋಗಬೇಕಾಗಿಲ್ಲ. ತಾಯಿಯು ಮಗನಿಗೆ ಕಡೆಯ ಮಾತನ್ನು ಹೇಳುವಾಗ ಪಕ್ಕದ ತೋಟದ ಪಂಪ್‌ಸೆಟ್ಟಿನ ಸದ್ದು ಆ ಮಾತನ್ನು ನುಂಗಿಬಿಡುವುದು. ಒಂದೇ ಸಂಭಾಷಣೆಯಲ್ಲಿ ಒಬ್ಬನ ಮುಖದ ಮೇಲೆ ಬೆಳಗಿನ ಎಳೆಬಿಸಿಲು, ಉತ್ತರ ಕೊಡುವವನ ಮುಖದ ಮೇಲೆ ನಡುಹಗಲಿನ ಸುಡುಬಿಸಿಲು. ಬಾಗಿಲನ್ನು ತೆರೆಯುವಾಗ ಹೆಗಲ ಮೇಲಿದ್ದ ಟವಲು ಒಳಗೆ ಕಾಲಿಡುವಷ್ಟರಲ್ಲಿ ಮಾಯ. ಇವೆಲ್ಲಕ್ಕಿಂತ ಮಿಗಿಲಾಗಿ, ಕಥೆಯು ಮುಗಿಯುವುದರ ಬದಲು ನಿಂತುಹೋಗುವುದು. ಏಕೆಂದರೆ ಕಡೆಯ ದೃಶ್ಯವನ್ನು ತೆಗೆಯುವ ಹೊತ್ತಿಗೆ ಬೆಳಕು ಇಳಿದಿತ್ತು, ನಟನು ಕಡೆಯ ಬಸ್ಸನ್ನು ಹಿಡಿಯಲು ಹೊರಟಿದ್ದನು. ಆಮೇಲೆ ಇದನ್ನೇ 'ಮುಕ್ತ ಅಂತ್ಯ'ವೆಂದು ವೇದಿಕೆಯ ಮೇಲೆ ನಿಂತು ವಿವರಿಸುವರು!

ಪ್ರತಿಪಕ್ಷದವರ ಮೊದಲನೆಯ ವಾದವು ಹೀಗಿದೆ: "ಹಿಂದೆ ಫಿಲ್ಮಿಗೆ ಹಣ ಕೊಡಬೇಕಾಗಿತ್ತು, ಆದುದರಿಂದ ಯೋಚಿಸಿ ತೆಗೆಯುತ್ತಿದ್ದರು. ಈಗ ಮೊಬೈಲ್ ಫೋನಿನಲ್ಲಿ ಎಷ್ಟು ಸಲ ತೆಗೆದರೂ ಖರ್ಚಿಲ್ಲ. ಬೇಕಾದಷ್ಟು ತೆಗೆದುಕೊಂಡು ಬಂದು ಸಂಕಲನದಲ್ಲಿ ಸರಿಪಡಿಸಿಕೊಂಡರಾಯಿತು." ಈ ವಾದದ ಪೂರ್ವಾರ್ಧವು ದಿಟ. 16 ಮಿಲಿಮೀಟರಿನ 400 ಅಡಿ ಫಿಲ್ಮು ಸೆಕೆಂಡಿಗೆ 24 ಚಿತ್ರಗಳ ವೇಗದಲ್ಲಿ ಓಡಿದರೆ ಸುಮಾರು 11 ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಗುಂಡಿಯನ್ನು ಒತ್ತಿದೊಡನೆ ಹಣವು ಉರಿಯುತ್ತಿದ್ದ ಆ ಕಾಲದಲ್ಲಿ ಫಿಲ್ಮಿನ ಬೆಲೆಯೇ ವಿದ್ಯಾರ್ಥಿಗೆ ಗುರುವಾಗಿತ್ತು. 1917ರ ಕ್ರಾಂತಿಯ ತರುವಾಯ ರಷ್ಯಾ ದೇಶದಲ್ಲಿ ಫಿಲ್ಮಿಗೆ ಬರಗಾಲ ಬಂದಾಗ ಮಾಸ್ಕೋ ನಗರದ ಕುಲೆಷೋವನೂ ಅವನ ಶಿಷ್ಯರೂ ಏನು ಮಾಡಿದರು? ಕೈಕಟ್ಟಿ ಕೂರಲಿಲ್ಲ. ಫಿಲ್ಮೇ ಇಲ್ಲದ ಚಿತ್ರಗಳನ್ನು ದೃಶ್ಯದೃಶ್ಯವಾಗಿ ವಿಂಗಡಿಸಿ, ವೇದಿಕೆಯ ಮೇಲೆ ಅಭಿನಯಿಸಿ, ಅಭ್ಯಾಸಮಾಡಿದರು. ಆ ಶಿಷ್ಯಮಂಡಲಿಯಲ್ಲಿದ್ದ ಪುಡೋವ್ಕಿನ್ನನು 1926ರಲ್ಲಿ 'ಮದರ್' ಎಂಬ ಚಿತ್ರವನ್ನು ಲೋಕಕ್ಕೆ ಕೊಟ್ಟನು. ಕ್ಯಾಮೆರಾದೊಳಗೆ ಫಿಲ್ಮು ಇಲ್ಲದೆಯೂ ಸಿನಿಮಾ ಕಲಿಯಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ನಮ್ಮವರಾದರೋ ಕ್ಯಾಮೆರಾದಲ್ಲಿ ಎಲ್ಲವನ್ನೂ ತುಂಬಿಕೊಂಡು ತಲೆಯನ್ನು ಖಾಲಿಯಾಗಿಟ್ಟುಕೊಂಡು ಹೊರಡುವರು.

ಫಿಲ್ಮು ಅಗ್ಗವಾಯಿತು, ನಿಜ, ಉಳಿದುದೇನು ಅಗ್ಗವಾಯಿತು? ಸೂರ್ಯನು ಈಗಲೂ ದಿನಕ್ಕೊಂದೇ ಸಲ ಮುಳುಗುವನು. ಮನೆಯನ್ನು ಬಿಟ್ಟುಕೊಟ್ಟ ಯಜಮಾನನ ಸೈರಣೆಯು ಮೆಮೊರಿ ಕಾರ್ಡಿನಂತೆ ಅಳಿಸಿ ಮತ್ತೆ ತುಂಬತಕ್ಕ ವಸ್ತುವಲ್ಲ. ಅಳುವ ದೃಶ್ಯವನ್ನು ಹನ್ನೆರಡನೆಯ ಸಲ ಮಾಡಿಸಿದರೆ ನಟಿಯ ಕಣ್ಣಿನಲ್ಲಿ ನೀರು ಬರುವುದಿಲ್ಲ, ಬೇಸರವೇ ಬರುವುದು. ಸಂಕಲನಕಾರನಾದರೂ ಇದ್ದುದನ್ನು ಜೋಡಿಸಬಲ್ಲನೇ ಹೊರತು ಇಲ್ಲದುದನ್ನು ಹುಟ್ಟಿಸಬಲ್ಲನೆ? ನಾಲ್ಕು ಗಂಟೆಯಷ್ಟು ಚಿತ್ರಗಳ ರಾಶಿಯಲ್ಲಿ, ಪಾತ್ರವು ಪತ್ರವನ್ನು ಓದಿ ತಲೆಯೆತ್ತುವ ಆ ಒಂದು ಕ್ಷಣವೇ ಇಲ್ಲವೆಂದು ತಿಳಿದಾಗ ಯಾವ ಯಂತ್ರವೂ ನೆರವಿಗೆ ಬಾರದು.

ಎರಡನೆಯ ವಾದವು ಇನ್ನೂ ದೊಡ್ಡ ಹೆಸರಿನ ಮರೆಯಲ್ಲಿ ನಿಂತಿರುವುದು. "ಸತ್ಯಜಿತ್ ರಾಯರು ಚಿತ್ರಕಥೆಯನ್ನು ಬರೆಯದೆಯೇ 'ಪಥೇರ್ ಪಾಂಚಾಲಿ'ಯನ್ನು ತೆಗೆಯಲಿಲ್ಲವೆ?" ಎಂದು ಕೇಳುವರು. ಪರಿಪೂರ್ಣವಾದ ಚಿತ್ರಕಥೆಯ ಹಸ್ತಪ್ರತಿ ಇರಲಿಲ್ಲವೆಂಬುದೇನೋ ಸತ್ಯ. ಆದರೆ ಇದ್ದುದೇನೆಂಬುದನ್ನು ಕೇಳುವರೆ? ಆ ಕಾದಂಬರಿಯ ಸಂಕ್ಷಿಪ್ತ ಆವೃತ್ತಿಗೆ ಚಿತ್ರಗಳನ್ನು ಬರೆದವರು ರಾಯರೇ. ತರುವಾಯ ಚಲನಚಿತ್ರದ ಸಂದರ್ಭಗಳನ್ನು ಒಂದೊಂದಾಗಿ ರೇಖಾಚಿತ್ರಗಳಲ್ಲಿ ಬರೆದು, ಅದೇ ಪುಸ್ತಕವನ್ನು ಹಿಡಿದು ನಿರ್ಮಾಪಕರ ಮನೆಮನೆಗೆ ಅಲೆದರು. ಅದನ್ನು ಮುಂದೆ ಪ್ಯಾರಿಸ್ಸಿನ ಸಿನಿಮಾ ಸಂಗ್ರಹಾಲಯಕ್ಕೆ ಕೊಟ್ಟರು. ಚಿತ್ರವನ್ನು ವರ್ಷಗಟ್ಟಲೆ ಮನಸ್ಸಿನಲ್ಲಿಯೂ ಕಾಗದದಲ್ಲಿಯೂ ತೆಗೆದಿದ್ದವರು 1952ರಲ್ಲಿ ಕ್ಯಾಮೆರಾವನ್ನು ಹಿಡಿದರು. ಅಷ್ಟಾದರೂ ಏನಾಯಿತು? ಕಾಶದ ಹೂವಿನ ಬಯಲಿನಲ್ಲಿ ಒಂದು ದಿನ ಕೆಲಸಮಾಡಿ, ವಾರದ ಮೇಲೆ ಹಿಂದಿರುಗಿ ನೋಡಿದರೆ, ಹೂವೆಲ್ಲವನ್ನೂ ದನಗಳು ಮೇದುಹೋಗಿದ್ದವು! ಮುಂದಿನ ಋತುವಿನವರೆಗೆ ಕಾಯಬೇಕಾಯಿತು. ಇಷ್ಟು ಸಿದ್ಧರಾಗಿದ್ದವರಿಗೇ ದನಗಳು ಈ ಪಾಠವನ್ನು ಕಲಿಸಿದ ಮೇಲೆ, ಏನೊಂದು ಸಿದ್ಧತೆಯೂ ಇಲ್ಲದವರ ಗತಿಯೇನು? ದೊಡ್ಡವರಿಂದ ಅವರ ಕೊರತೆಗಳನ್ನು ಮಾತ್ರ ಎರವಲು ತರುವುದು ಶಿಷ್ಯಲಕ್ಷಣವಲ್ಲ.

ಮೂರನೆಯ ವಾದವು ಆಶುಕಲೆಯದು. ಯಕ್ಷಗಾನದಲ್ಲಿ ಮಾತುಗಳನ್ನು ಯಾರು ಬರೆದುಕೊಡುವರು? ತಾಳಮದ್ದಲೆಯಲ್ಲಿ ಅರ್ಥಧಾರಿಯು ಕುಳಿತಲ್ಲಿಯೇ ಮಾತನ್ನು ಹುಟ್ಟಿಸುವುದಿಲ್ಲವೆ? ಹುಟ್ಟಿಸುವನು, ಸಂದೇಹವಿಲ್ಲ. ಆದರೆ ಅವನು ಪ್ರಸಂಗದ ಪದ್ಯಗಳನ್ನು ಬಲ್ಲವನು, ಪುರಾಣದಲ್ಲಿ ಬಳಸಿದವನು, ಎದುರಾಳಿಯು ಯಾವ ಪ್ರಶ್ನೆಯನ್ನು ಎತ್ತಬಹುದೆಂದು ಮೊದಲೇ ಲೆಕ್ಕಹಾಕಿದವನು, ಎಲ್ಲಕ್ಕೂ ಮೇಲೆ, ಭಾಗವತರ ಹಿಡಿತದಲ್ಲಿ ನಡೆಯತಕ್ಕವನು. ಅವನ ಆಶುತ್ವವು ಹತ್ತಾರು ವರ್ಷಗಳ ಸಿದ್ಧತೆಯ ಫಲ. ಸಿನಿಮಾದಲ್ಲಿಯೂ ಇದೇ ನ್ಯಾಯ. ಬರೆದ ಚಿತ್ರಕಥೆಯಿಲ್ಲದೆ ಕೆಲಸವನ್ನು ಆರಂಭಿಸುವುದಕ್ಕೆ ಹೆಸರಾದ ಇಂಗ್ಲೆಂಡಿನ ಮೈಕ್ ಲೀ ಎಂಬವರು ಚಿತ್ರೀಕರಣಕ್ಕೆ ಮುನ್ನ ನಟರೊಡನೆ ತಿಂಗಳುಗಟ್ಟಲೆ ಕುಳಿತು ಪಾತ್ರಗಳನ್ನು ರೂಪಿಸುವರು. ಚಿತ್ರಕಥೆಯನ್ನು ಬಿಟ್ಟವರು ಸಿದ್ಧತೆಯನ್ನು ಬಿಡಲಿಲ್ಲ, ಇಮ್ಮಡಿ ಮಾಡಿದರು. ಇನ್ನು, ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬೇಡಿರೆಂದು ಗಾದೆಯನ್ನು ತೋರಿಸುವವರೂ ಉಂಟು. ಕುಲಾವಿಯನ್ನು ಆಮೇಲೆ ಹೊಲಿಸೋಣ. ಸೂಲಗಿತ್ತಿಗಾದರೂ ಮುಂಚೆ ಹೇಳಿಕಳುಹಿಸಬೇಡವೆ?

ಹಾಗಾದರೆ ಸಿದ್ಧತೆಯೆಂದರೇನು? ಕಥೆಯನ್ನು ಎರಡು ವಾಕ್ಯಗಳಲ್ಲಿ ಹೇಳಲು ಬರುವುದೋ ಎಂದು ನೋಡಿಕೊಳ್ಳುವುದು ಮೊದಲನೆಯದು. ಹೇಳಲು ಬಾರದಿದ್ದರೆ ಕಥೆಯು ಇನ್ನೂ ಹುಟ್ಟಿಲ್ಲವೆಂದೇ ಅರ್ಥ. ಬಳಿಕ ಚಿತ್ರಕಥೆ, ಅದರಿಂದ, ಯಾವ ದೃಶ್ಯಕ್ಕೆ ಯಾರು ಬೇಕು, ಯಾವ ಬಟ್ಟೆ ಬೇಕು, ಯಾವ ಸಾಮಾನು ಬೇಕು ಎಂಬ ಪಟ್ಟಿ. ಟವಲು ಮಾಯವಾಗದಂತೆ ಕಾಯುವುದು ಈ ಪಟ್ಟಿಯೇ. ಅನಂತರ ಸ್ಥಳಪರೀಕ್ಷೆ. ಚಿತ್ರೀಕರಣವು ಸಂಜೆ ನಾಲ್ಕು ಗಂಟೆಗಾದರೆ ಸ್ಥಳವನ್ನು ಸಂಜೆ ನಾಲ್ಕು ಗಂಟೆಗೇ ಹೋಗಿ ನೋಡಬೇಕು. ಬಿಸಿಲು ಯಾವ ಕಿಟಕಿಯಿಂದ ಬರುವುದು, ಶಾಲೆಯ ಗಂಟೆ ಯಾವಾಗ ಹೊಡೆಯುವುದು, ಪಂಪ್‌ಸೆಟ್ಟಿಗೆ ಕರೆಂಟು ಯಾವ ಹೊತ್ತಿನಲ್ಲಿ ಬರುವುದು ಎಂಬುದನ್ನು ಕಣ್ಣು ಮುಚ್ಚಿ ಕುಳಿತು ಕಿವಿಯಿಂದಲೂ ಪರೀಕ್ಷಿಸಬೇಕು. ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರದಲ್ಲಿ ಸ್ಟುಡಿಯೋದ ಕತ್ತಲೆಯನ್ನು ಸೀಳಿಕೊಂಡು ಇಳಿಯುವ ಬೆಳಕಿನ ಕೋಲನ್ನು ಇಂದಿಗೂ ಕೊಂಡಾಡುವರು. ಮೈಸೂರಿನವರಾದ ವಿ. ಕೆ. ಮೂರ್ತಿಯವರು ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ತಿರುಗಿಸಿ ಅದನ್ನು ಸಾಧಿಸಿದರು. ಸೂರ್ಯನು ಸರಿದಂತೆಲ್ಲ ಕನ್ನಡಿಯ ಬೆಳಕೂ ಸರಿಯುವುದು. ಹೊತ್ತನ್ನೂ ಸ್ಥಳವನ್ನೂ ಮುಂಚೆಯೇ ಗೊತ್ತುಮಾಡಿಕೊಳ್ಳದವನಿಗೆ ಅಂತಹ ಬೆಳಕು ಸಿಕ್ಕುವುದೆ?

ಕೊನೆಯದಾಗಿ ಲೆಕ್ಕ. ಹತ್ತು ನಿಮಿಷದ ಚಿತ್ರಕ್ಕೆ 60 ಶಾಟುಗಳೆಂದು ಇಟ್ಟುಕೊಳ್ಳೋಣ. ಒಂದೊಂದನ್ನು ಅಣಿಗೊಳಿಸಿ ತೆಗೆಯಲು 20 ನಿಮಿಷವಾದರೆ ಒಟ್ಟು 1200 ನಿಮಿಷ, ಎಂದರೆ 20 ಗಂಟೆ. ನಮ್ಮ ನಾಡಿನಲ್ಲಿ ಹಗಲು ಸುಮಾರು 11ರಿಂದ 13 ಗಂಟೆ. ಅದರಲ್ಲಿ ಊಟ, ಪ್ರಯಾಣ, ಮೋಡಗಳ ಪಾಲು ಕಳೆಯಬೇಕು. ಒಂದು ಭಾನುವಾರದಲ್ಲಿ ಮುಗಿಸುವೆವೆಂದು ಹೊರಟವರು ಮಧ್ಯಾಹ್ನದ ಹೊತ್ತಿಗೆ ಕಂಗೆಡುವುದರಲ್ಲಿ ಆಶ್ಚರ್ಯವೇನು? ಶಾಟುಗಳ ಪಟ್ಟಿಯನ್ನು ಮುಂಚೆಯೇ ಬರೆದವನು ಅರುವತ್ತನ್ನು ಮೂವತ್ತೈದಕ್ಕೆ ಇಳಿಸುವನು. ಕಥೆಯ ಕ್ರಮವನ್ನು ಬಿಟ್ಟು ಸ್ಥಳದ ಕ್ರಮದಲ್ಲಿ ದೃಶ್ಯಗಳನ್ನು ಜೋಡಿಸುವನು. ಅತ್ಯಗತ್ಯವಾದುದನ್ನು ಮೊದಲು ತೆಗೆಯುವನು. ಮಳೆ ಬಂದರೆ ತೆಗೆಯತಕ್ಕ ಒಳಾಂಗಣ ದೃಶ್ಯವೊಂದನ್ನು ಕೈಯಲ್ಲಿ ಇಟ್ಟುಕೊಂಡಿರುವನು. ಇಷ್ಟನ್ನು ಮಾಡಿದವನಿಗೇ ಸ್ಥಳದಲ್ಲಿ ಹೊಸದೇನಾದರೂ ಹೊಳೆದರೆ ಅದನ್ನು ಹಿಡಿಯಲು ಬಿಡುವಿರುವುದು. ಸ್ಫೂರ್ತಿಯು ಬರುವ ಹೊತ್ತಿನಲ್ಲಿ ಬ್ಯಾಟರಿಯನ್ನು ಹುಡುಕುತ್ತಿರುವವನ ಪಾಲಿಗೆ ಅದು ಬಂದರೂ ಬಾರದಂತೆಯೇ.

ಇದು ಕಲೆಯ ಪ್ರಶ್ನೆ ಮಾತ್ರವಾಗಿದ್ದರೆ ಅಷ್ಟು ಖಾರವಾಗಿ ಬರೆಯುತ್ತಿರಲಿಲ್ಲ. ಕವಿಯು ಕೆಟ್ಟ ಕವನವನ್ನು ಬರೆದರೆ ಕೆಡುವುದು ಅವನ ಕಾಗದ. ಸಿದ್ಧತೆಯಿಲ್ಲದೆ ಚಿತ್ರವನ್ನು ತೆಗೆಯುವವನು ಕೆಡಿಸುವುದು ಪರರ ದಿನವನ್ನು. ಕೂಲಿಯನ್ನು ಬಿಟ್ಟು ಬಂದು ಅಜ್ಜಿಯ ಪಾತ್ರಕ್ಕೆ ಕುಳಿತ ಹೆಂಗಸು, ಸ್ನೇಹಕ್ಕಾಗಿ ದೀಪವನ್ನು ಹಿಡಿದು ನಿಂತ ಸಹಪಾಠಿ, ಮೂರು ಗಂಟೆಗೆ ಊಟವಾಗುವುದೆಂದು ಕಾದು ಕುಳಿತ ಹುಡುಗ — ಇವರಾರೂ ಹಣವನ್ನು ಪಡೆದವರಲ್ಲ. ಬಾಲಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸಕೂಡದೆಂದೂ, ವಿಶ್ರಾಂತಿಯಿಲ್ಲದೆ 3 ಗಂಟೆಯನ್ನು ಮೀರಕೂಡದೆಂದೂ 2017ರ ಕೇಂದ್ರಸರ್ಕಾರದ ನಿಯಮಗಳು ವಿಧಿಸಿರುವುವು. ಕೋಟಿಗಳನ್ನು ಹೂಡುವವರಿಗೇ ಈ ಕಟ್ಟುಪಾಡು ಇರುವಾಗ, ಕಲಿಯಲು ಹೊರಟವರು ಅದಕ್ಕಿಂತ ಕಡಮೆಯ ಕರುಣೆಯಿಂದ ನಡೆಯಬಹುದೆ?

ಇನ್ನೊಂದು ಮಾತನ್ನು ಮುಖ್ಯವಾಗಿ ಗಮನಿಸಬೇಕು. ಸಿರಿವಂತನ ಮಗನು ಚಿತ್ರವು ಕೆಟ್ಟರೆ ಮುಂದಿನ ವಾರ ಮತ್ತೆ ತೆಗೆಯುವನು. ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿಗೆ ಕ್ಯಾಮೆರಾವು ಕಾಲೇಜಿನಿಂದ ಎರಡು ದಿನಕ್ಕೆ ಮಾತ್ರ ದೊರೆಯುವುದು. ಎರಡನೆಯ ಅವಕಾಶವು ಅವಳಿಗಿಲ್ಲ. ಅವಳ ಕೈಯಲ್ಲಿರುವ ಬಂಡವಾಳವೆಂದರೆ ಒಂದು ನೋಟುಬುಕ್ಕು, ಒಂದು ಪೆನ್ಸಿಲು, ಕೆಲವು ಸಂಜೆಗಳು. ಪೂರ್ವಸಿದ್ಧತೆಯೊಂದರಲ್ಲಿಯೇ ಬಡವರೂ ಬಲ್ಲಿದರೂ ಸರಿಸಮಾನರು. "ಹೋಗಿ ತೆಗೆಯಿರಿ, ಎಲ್ಲವೂ ತಾನಾಗಿ ಬರುವುದು" ಎಂದು ಉಪದೇಶಿಸುವ ಉಪಾಧ್ಯಾಯರು ಉದಾರಿಗಳಂತೆ ಕಂಡರೂ, ಆ ಹುಡುಗಿಯ ಕೈಯಲ್ಲಿದ್ದ ಒಂದೇ ಆಯುಧವನ್ನು ಕಸಿದುಕೊಳ್ಳುತ್ತಿರುವರೆಂದು ನಾವು ಹೇಳುವೆವು.

ಆದುದರಿಂದ ಕಾಲೇಜುಗಳ ಅಧಿಕಾರಿಗಳಲ್ಲಿಯೂ, ಕಿರುಚಿತ್ರ ಸ್ಪರ್ಧೆಗಳನ್ನು ಏರ್ಪಡಿಸುವ ಸಂಘಗಳಲ್ಲಿಯೂ ನಮ್ಮ ಬೇಡಿಕೆಗಳು ಮೂರು. ಚಿತ್ರಕ್ಕೆ ಕೊಡತಕ್ಕ ಅಂಕಗಳಲ್ಲಿ ಅರ್ಧವನ್ನು ಸಿದ್ಧತೆಯ ಪುಸ್ತಕಕ್ಕೆ ಮೀಸಲಿಡಬೇಕು. ಆ ಪುಸ್ತಕವನ್ನು ಉಪಾಧ್ಯಾಯರು ಓದಿ, ಪ್ರಶ್ನಿಸಿ, ಒಪ್ಪುವವರೆಗೆ ಕ್ಯಾಮೆರಾವನ್ನು ಕಪಾಟಿನಿಂದ ಹೊರಗೆ ತೆಗೆಯಕೂಡದು. ಸ್ಪರ್ಧೆಗೆ ಬರುವ ಪ್ರತಿಯೊಂದು ಚಿತ್ರದೊಡನೆ ಅದರ ಚಿತ್ರಕಥೆಯನ್ನೂ ಶಾಟುಗಳ ಪಟ್ಟಿಯನ್ನೂ ತರಿಸಿಕೊಂಡು ತೀರ್ಪುಗಾರರು ಹೋಲಿಸಿ ನೋಡಬೇಕು. ಇದರಿಂದ ಖರ್ಚು ಹೆಚ್ಚದು. ಓದುವ ಶ್ರಮ ಮಾತ್ರ ಹೆಚ್ಚುವುದು. ಆ ಶ್ರಮಕ್ಕೆ ಹಿಂಜರಿಯುವವರು ಬಹುಮಾನದ ಫಲಕವನ್ನು ಹಂಚುವ ಸಂಭ್ರಮವನ್ನೂ ಬಿಟ್ಟುಕೊಡಲಿ.

ಮುಂದಿನ ಬೇಸಗೆಯ ರಜೆಗೆ ಇನ್ನೂ ಕೆಲವು ತಿಂಗಳಿರುವುವು. ಚಿತ್ರವನ್ನು ತೆಗೆಯಬೇಕೆಂದಿರುವ ತರುಣ ಮಿತ್ರರು ಈ ದಿನವೇ ಕ್ಯಾಮೆರಾವನ್ನು ಹುಡುಕುವುದನ್ನು ಬಿಟ್ಟು, ಒಂದು ನೂರು ಹಾಳೆಯ ಪುಸ್ತಕವನ್ನು ಕೊಂಡು, ಅದರ ಮೊದಲನೆಯ ಪುಟದಲ್ಲಿ ತಮ್ಮ ಕಥೆಯನ್ನು ಎರಡು ವಾಕ್ಯಗಳಲ್ಲಿ ಬರೆಯಲೆಂದು ನಮ್ಮ ಬಿನ್ನಹ.