‘ಸಂಸ್ಕಾರ’ದ ನಿರ್ಮಾಪಕನನ್ನು ಯಾಕೆ ಮರೆಯುತ್ತೇವೆ?

‘ಸಂಸ್ಕಾರ’ ಸಿನಿಮಾದ ಮಾತು ಬಂದರೆ ಮೊದಲು ಮೂಲ ಕಾದಂಬರಿ ಬರೆದ ಯು.ಆರ್. ಅನಂತಮೂರ್ತಿ, ಆಮೇಲೆ ಗಿರೀಶ ಕಾರ್ನಾಡ, ಪಿ. ಲಂಕೇಶ್. ಇಷ್ಟಾಗಿಯೂ ಪುರುಸೊತ್ತಿದ್ದರೆ ಪಟ್ಟಾಭಿರಾಮ ರೆಡ್ಡಿ. ಚಿತ್ರ ನಿರ್ಮಿಸಿ ನಿರ್ದೇಶಿಸಿದವರು ಅವರೇ ಆದರೂ ಈ ಸಾಲು ಬದಲಾಗಿಲ್ಲ. ಇದರಿಂದ ಪಟ್ಟಾಭಿಯವರಿಗಿಂತ ನಮಗೇ ನಷ್ಟ ಹೆಚ್ಚು. ನಿರ್ಮಾಪಕ ಚೆಕ್ ಬರೆಯುವುದರಾಚೆ ಏನು ಮಾಡಬಲ್ಲ ಎಂಬುದಕ್ಕೆ ಕನ್ನಡದಲ್ಲಿ ಇಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ.

1919ರಲ್ಲಿ ಹುಟ್ಟಿದ, ನೆಲ್ಲೂರಿನ ಈ ಲೋಹಿಯಾವಾದಿ ಮೊದಲಿಗೆ ತೆಲುಗು ಕವಿ. 1939ರ ‘ಫಿಡೇಲು ರಾಗಾಲ ಡಜನ್’ ಸಂಕಲನದಲ್ಲೇ ಛಂದಸ್ಸಿನ ಮಡಿವಂತರನ್ನು ಕೆಣಕಿದ್ದರು. ಸಿನಿಮಾಕ್ಕೆ ಬಂದಾಗ ಹಿಡಿದದ್ದು ಮಾತ್ರ ಎಲ್ಲರೂ ನಡೆದ ದಾರಿ. ಕೆ.ವಿ. ರೆಡ್ಡಿ ನಿರ್ದೇಶನದ ‘ಪೆಳ್ಳಿನಾಟಿ ಪ್ರಮಾಣಾಲು’ (1958), ಎನ್‌ಟಿಆರ್, ಅಕ್ಕಿನೇನಿ ಇಬ್ಬರೂ ಇದ್ದ ‘ಶ್ರೀಕೃಷ್ಣಾರ್ಜುನ ಯುದ್ಧಮು’ (1963) ಚಿತ್ರಗಳ ಹಿಂದೆ ಅವರಿದ್ದರು. ಅಲ್ಲೇ ಉಳಿದಿದ್ದರೆ ಸುಖವಾಗಿರುತ್ತಿದ್ದರು.

ಆ ಸುಖ ಕೆಡಿಸಿದ್ದು ನಾಟಕದವರ ಸಹವಾಸ. ‘ಮದ್ರಾಸ್ ಪ್ಲೇಯರ್ಸ್’ ಎಂಬ ಹವ್ಯಾಸಿ ತಂಡ ಕಟ್ಟಿದವರಲ್ಲಿ ಪತ್ನಿ ಸ್ನೇಹಲತಾ ಒಬ್ಬರು. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ನೌಕರಿಯಲ್ಲಿ ಮದರಾಸಿನಲ್ಲಿದ್ದ ಕಾರ್ನಾಡರೂ ಅದೇ ಬಳಗದವರು. ಪಟ್ಟಾಭಿ ‘ಸಂಸ್ಕಾರ’ದ ಚಿತ್ರೀಕರಣಕ್ಕೆ ಈ ಬಳಗವನ್ನೇ ಶೃಂಗೇರಿ ಬಳಿಯ ವೈಕುಂಠಪುರಕ್ಕೆ ಕರೆದೊಯ್ದರು. ನಾಟಕಕಾರ ಕಾರ್ನಾಡ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರಾದರು, ಕತೆಗಾರ ಲಂಕೇಶ್ ಆಚಾರ ಮುರಿದು ಸಾಯುವ ನಾರಣಪ್ಪನಾದರು, ಸ್ನೇಹಲತಾ ಅವನ ಸಂಗಾತಿ ಚಂದ್ರಿಯಾದರು. ಕ್ಯಾಮೆರಾ ಆಸ್ಟ್ರೇಲಿಯಾದ ಟಾಮ್ ಕೋವನ್‌ದು, ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು, ಕಲಾ ನಿರ್ದೇಶನ ಚಿತ್ರಕಲಾವಿದ ಎಸ್.ಜಿ. ವಾಸುದೇವರದು. ಕಪ್ಪು ಬಿಳುಪಿನ ಆ ಅಗ್ರಹಾರದಲ್ಲಿ ನಾರಣಪ್ಪನ ಹೆಣ ಎತ್ತುವವರಿಲ್ಲದೆ ಒಲೆ ಹೊತ್ತದ ಮನೆಗಳನ್ನು ನೋಡಿದವರಿಗೆ, ಸ್ಟುಡಿಯೊ ಸೆಟ್ಟಿನಲ್ಲಿ ಇದು ಆಗದ ಮಾತು ಎಂದು ಬಿಡಿಸಿ ಹೇಳಬೇಕಿಲ್ಲ. ಸ್ಟಾರ್ ಒಬ್ಬನ ಡೇಟ್ಸ್ ಹಿಡಿದುಕೊಂಡು ಕತೆ ಹುಡುಕುವ ಇಂದಿನವರು ಈ ಜೋಡಣೆಯನ್ನು ಒಮ್ಮೆ ನಿಂತು ನೋಡಬೇಕು.

ಜಾತಿ ಜಗಳವಾದೀತೆಂದು ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ನಿಷೇಧಿಸಿತು. ಕೇಂದ್ರ ಸರ್ಕಾರದ ಮಟ್ಟದಲ್ಲಿ ಆ ನಿಷೇಧ ತೆರವಾಗಿ ತೆರೆಕಂಡ ಅದೇ ಚಿತ್ರಕ್ಕೆ 1970ರ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು, ಕನ್ನಡಕ್ಕೆ ಮೊದಲ ಸಲ. ಮರುವರ್ಷ ಜಿ.ವಿ. ಅಯ್ಯರ್, ಕಾರ್ನಾಡ ಮತ್ತು ಬಿ.ವಿ. ಕಾರಂತ ನಿರ್ದೇಶಿಸಿದ ‘ವಂಶವೃಕ್ಷ’ಕ್ಕೆ ಹಣ ಹೂಡಿದರು. ಪೌರಾಣಿಕ, ಐತಿಹಾಸಿಕ ಚಿತ್ರಗಳಲ್ಲಿ ಪಳಗಿದ ಅಯ್ಯರ್ ಕಾರ್ನಾಡ, ಕಾರಂತರನ್ನು ನಂಬುವ ಧೈರ್ಯ ಮಾಡಿದ್ದರಲ್ಲಿ ‘ಸಂಸ್ಕಾರ’ದ ಪಾಲು ಸಣ್ಣದಲ್ಲ.

ಆಮೇಲಿನದು ಸಿನಿಮಾ ಕತೆಯಲ್ಲ. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಸರ್ಕಾರದ ವಿರುದ್ಧ ಸ್ಫೋಟದ ಸಂಚು ನಡೆಸಿದ ಆರೋಪದ ಬರೋಡಾ ಡೈನಮೈಟ್ ಪ್ರಕರಣದ ನೆಪದಲ್ಲಿ ಸ್ನೇಹಲತಾರನ್ನು ಬಂಧಿಸಿದರು. ಆಸ್ತಮಾ ಇದ್ದ ಅವರು ತಿಂಗಳುಗಟ್ಟಲೆ ಬೆಂಗಳೂರಿನ ಜೈಲಿನಲ್ಲಿದ್ದು, ಪೆರೋಲ್ ಮೇಲೆ ಹೊರಬಂದು ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷದ್ದು ಲಂಕೇಶರ ನಾಟಕ ಆಧರಿಸಿದ ಪಟ್ಟಾಭಿಯವರ ‘ಚಂಡಮಾರುತ’.

ಅವರ ಎಲ್ಲ ಚಿತ್ರಗಳೂ ‘ಸಂಸ್ಕಾರ’ದ ಎತ್ತರ ಮುಟ್ಟಲಿಲ್ಲ, ನಿಜ. ಸಂಖ್ಯೆಯೂ ಕಡಿಮೆ. ಆದರೆ ಪ್ರಶಸ್ತಿಯ ಹೆಸರಿನಲ್ಲಿ ಹತ್ತು ಚಿತ್ರ ಮಾಡಿ ದುಡ್ಡು ಎಣಿಸಬಹುದಾಗಿದ್ದ ಮನುಷ್ಯ ‘ಶೃಂಗಾರ ಮಾಸ’ಕ್ಕೆ 1984ರವರೆಗೆ ಕಾದರು. ಎಪ್ಪತ್ತು ದಾಟಿದ ಮೇಲೆ, 1993ರಲ್ಲಿ, ಕಾಡಿನ ಉಳಿವಿನ ವಿಷಯ ಹಿಡಿದು ‘ದೇವರ ಕಾಡು’ ಮಾಡಿದರು.